ಪಾಳಿ, ಸೂಟಿ ಮತ್ತು ಕಂಬರ ತಲಾವಿನ ದೇವನಕ್ಕಿ

ರೈಲ್ವೆಯಲ್ಲಿ ಪಾಳಿ ಕೆಲಸ ಮಾಡುವವನಿಗೆ ರವಿವಾರ ಅನ್ನುವುದು ಕ್ಯಾಲೆಂಡರಿನ ಕೆಂಪು ಅಂಕಿ ಅಷ್ಟೇ. ನನ್ನ ರೆಸ್ಟ್ ಮಂಗಳವಾರ ಬಂದರೂ ಬಂತು, ಗುರುವಾರ ಬಂದರೂ ಬಂತು. ಮದುವೆ ಮುಂಜಿ ತಪ್ಪುತ್ತವೆ ಎಂದು ಮನೆಯಲ್ಲಿ ಗೊಣಗಾಟ ಇದ್ದದ್ದೇ. ಆದರೆ ಕ್ಯಾಮೆರಾ ಹಿಡಿದ ಮೇಲೆ ಇದೇ ರೋಸ್ಟರ್ ನನ್ನ ಕೈಹಿಡಿಯಿತು. ಸೊಲ್ಲಾಪುರದ ಕೆರೆ ದಂಡೆ, ಉದ್ಯಾನಗಳಲ್ಲಿ ರವಿವಾರ ಮುಂಜಾನೆ ಕಾಲಿಡಲು ಜಾಗ ಇರುವುದಿಲ್ಲ. ಬುಧವಾರ ಮುಂಜಾನೆ ಅಲ್ಲಿ ವಾಕಿಂಗ್ ಬಂದ ನಾಲ್ಕು ಹಿರಿಯರು, ಒಬ್ಬ ಮಾಲಿ ಮತ್ತು ನಾನು.

ಹುಲಿ ಕಾಡು ಅಂತ ತಾಡೋಬಾಕ್ಕೆ ಹೋಗಲಿಲ್ಲವೇ, ಕಬಿನಿಗೆ ಹೋಗಲಿಲ್ಲವೇ ಎಂದು ಕೇಳುವವರು ಇದ್ದಾರೆ. ಹೋಗುವುದಕ್ಕೆ ತಕರಾರೇನಿಲ್ಲ, ರಜೆ ಮತ್ತು ರೊಕ್ಕ ಎರಡೂ ಒಟ್ಟಿಗೆ ಕೂಡಿ ಬರಬೇಕಲ್ಲ. ಅದಕ್ಕೆ ನಾನು ಮಾಡಿಕೊಂಡ ಲೆಕ್ಕ ಬೇರೆ: ಯಾವ ಪಾಳಿ ಇದೆಯೋ ಅದಕ್ಕೆ ತಕ್ಕ ಜಾಗ. ಊರೊಳಗೆ ಎರಡು ಮೂರು, ಊರ ಹೊರಗೆ ಎರಡು ಮೂರು. ಅವನ್ನೇ ಮತ್ತೆ ಮತ್ತೆ ತುಳಿಯುವುದು.

ರಾತ್ರಿ ಪಾಳಿ ಮುಗಿದ ಮುಂಜಾನೆ ನಾನು ಊರು ದಾಟುವುದಿಲ್ಲ. ನಿದ್ದೆಗಣ್ಣಲ್ಲಿ ಬಾರ್ಶಿ ರಸ್ತೆಯ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಬೈಕ್ ಓಡಿಸುವಷ್ಟು ದೊಡ್ಡ ಫೋಟೋ ಯಾವುದೂ ಇಲ್ಲ. ಅಂಥ ದಿನ ವಿಜಾಪುರ ರಸ್ತೆಯ ಕಂಬರ ತಲಾವು. ಈಗ ಅದರ ಹೆಸರು ಧರ್ಮವೀರ ಸಂಭಾಜಿ ತಲಾವ. ಹಳಬರ ಬಾಯಲ್ಲಿ ಮಾತ್ರ ಇನ್ನೂ ಕಂಬರ ತಲಾವೇ. ನಾಮದ ಕೋಳಿ, ಗುಳುಮುಳುಕ, ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ, ಹೆಸರು ಹೇಳಿದರೆ ಯಾರೂ ಹುಬ್ಬೇರಿಸದ ಹಕ್ಕಿಗಳು. ನಾನು ಫೋಟೋ ತೆಗೆಯಲು ಕಲಿತದ್ದು ಇವುಗಳ ಮೇಲೆಯೇ.

ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಅದಕ್ಕೊಂದು 70-300 ಎಂಎಂ ಲೆನ್ಸ್. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಾದ್ದರಿಂದ ಅದರ 300 ಹೆಚ್ಚುಕಡಿಮೆ 450ರಂತೆ ಕೆಲಸ ಮಾಡುತ್ತದೆ. ಹಕ್ಕಿಗೆ ಅದು ಸಾಲದು ಎಂದು ಎಲ್ಲರೂ ಹೇಳುತ್ತಾರೆ. ನಿಂತುಕೊಂಡು ತೆಗೆದರೆ ಸಾಲದು, ನಿಜ. ಮಲಗಿಕೊಂಡು ತೆಗೆದರೆ ಸಾಲುತ್ತದೆ. ದಂಡೆಯ ಮೇಲೆ ನಿಂತು ಕೆಳಗೆ ನೋಡಿದರೆ ಹಕ್ಕಿಯ ಹಿಂದೆ ಬರುವುದು ಒಂದು ಗೇಣು ದೂರದ ನೀರು, ಅದರ ಮೇಲಿನ ಕಸ, ಚಿಪ್ಸ್ ಪಾಕೀಟು. ಲೆನ್ಸನ್ನು ನೀರಿನ ಮಟ್ಟಕ್ಕೆ ತಂದರೆ ಹಿಂದೆ ಬರುವುದು ಆಚೆ ದಂಡೆ. ಅದು ದೂರ ಇರುವುದರಿಂದ ತಾನಾಗಿ ಮಸುಕಾಗಿ, ಬರೀ ಬಣ್ಣವಾಗಿ ಉಳಿಯುತ್ತದೆ. ಜೊತೆಗೆ ಹಕ್ಕಿಗೂ ಹೆದರಿಕೆ ಕಡಿಮೆ. ನಿಂತ ಮನುಷ್ಯನನ್ನು ಕಂಡರೆ ಈಜುತ್ತಾ ದೂರ ಸರಿಯುವ ಗುಳುಮುಳುಕ, ಮಲಗಿದವನ ಮುಂದೆ ಮುಳುಗಿ ಇನ್ನೂ ಹತ್ತಿರದಲ್ಲಿ ಏಳುತ್ತದೆ.

ಮಲಗಲು ಖಾಲಿ ಗೊಬ್ಬರದ ಚೀಲ. ಕ್ಯಾಮೆರಾ ಇಡಲು ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಳಗೆ ಜೋಳ ತುಂಬಿ, ಎರಡೂ ಬಾಯಿ ಹೊಲಿದ ಚೀಲ. ಅಂಗಡಿಯ ಬೀನ್ ಬ್ಯಾಗಿಗಿಂತ ಇದೇನೂ ಕಡಿಮೆಯಲ್ಲ, ಹುಳ ಬೀಳುವ ಮೊದಲು ಜೋಳ ಬದಲಿಸಿದರಾಯಿತು. ಟ್ರೈಪಾಡ್ ನನಗೆ ಎಂದೂ ಕೂಡಿಬರಲಿಲ್ಲ. ಅದನ್ನು ಬಿಚ್ಚಿ ನಿಲ್ಲಿಸುವುದರೊಳಗೆ ಮಿಂಚುಳ್ಳಿ ಮೀನು ನುಂಗಿ ಎದ್ದು ಹೋಗಿರುತ್ತದೆ.

ಈ ಕೆರೆಯಲ್ಲಿ ನನಗೆ ಹೆಚ್ಚು ಪಾಠ ಹೇಳಿದ್ದು ನೀರಿನ ಎಲೆಗಳ ಮೇಲೆ ನಡೆಯುವ ಉದ್ದಬಾಲದ ದೇವನಕ್ಕಿ. ಚಳಿಗಾಲದಲ್ಲಿ ಅದನ್ನು ನೋಡಿದವರು ಎರಡನೇ ಸಲ ತಿರುಗಿ ನೋಡುವುದಿಲ್ಲ, ಮಾಸಲು ಕಂದು ಮೈ, ಗಿಡ್ಡ ಬಾಲ. ಮಳೆಗಾಲ ಹತ್ತಿದಂತೆ ಬಾಲ ಬೆಳೆದು ಕುಡುಗೋಲಿನಂತೆ ಬಾಗುತ್ತದೆ, ಕುತ್ತಿಗೆಯ ಹಿಂದೆ ಹೊಂಬಣ್ಣ ಏರುತ್ತದೆ. ಇವುಗಳ ಸಂಸಾರವೂ ತಿರುವುಮುರುವು. ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ, ಕಾವು ಕೊಡುವುದು, ಮರಿ ಕಾಯುವುದು ಗಂಡಿನ ಪಾಲು. ಇದು ಗೊತ್ತಿದ್ದರೆ ಎಲ್ಲಿ ಕೂಡಬಾರದು ಎಂಬುದೂ ಗೊತ್ತಾಗುತ್ತದೆ. ಒಂದೇ ಎಲೆರಾಶಿಯ ಸುತ್ತ ಒಂದು ಹಕ್ಕಿ ತಿರುಗಾಡುತ್ತಾ, ನಿಮ್ಮನ್ನು ಕಂಡು ರೆಕ್ಕೆ ಮುರಿದವರಂತೆ ನಾಟಕ ಮಾಡಿದರೆ ಅಲ್ಲಿಂದ ಎದ್ದುಬಿಡಬೇಕು, ಮೊಟ್ಟೆಯೋ ಮರಿಯೋ ಅಲ್ಲೇ ಇದೆ. ಗೂಡಿನ ಫೋಟೋ ನಾನು ತೆಗೆಯುವುದಿಲ್ಲ. ನಾವು ಕೂತಷ್ಟು ಹೊತ್ತು ಅದು ಕಾವಿಗೆ ಕೂಡುವುದಿಲ್ಲ, ಮೇಲೆ ಕಾಗೆ ನೋಡುತ್ತಿರುತ್ತದೆ.

ಬಿಳಿ ಹಕ್ಕಿ, ಕಪ್ಪು ನೀರು. ಇಲ್ಲಿ ಕ್ಯಾಮೆರಾ ಮೋಸ ಹೋಗುತ್ತದೆ. ಚೌಕಟ್ಟಿನ ತುಂಬಾ ಕಪ್ಪು ನೀರಿರುವುದರಿಂದ ಅದು ಬೆಳಕು ಹೆಚ್ಚಿಸುತ್ತದೆ, ಬೆಳ್ಳಕ್ಕಿಯ ಗರಿಗಳೆಲ್ಲ ಕರಗಿ ಸುಣ್ಣದ ಗೋಡೆಯಾಗುತ್ತವೆ. ನಾನು ಎಕ್ಸ್‌ಪೋಶರನ್ನು, ಅಂದರೆ ಒಳಗೆ ಬಿಡುವ ಬೆಳಕನ್ನು, ಮೈನಸ್ ಮುಕ್ಕಾಲಿನ ಹತ್ತಿರ ಇಳಿಸುತ್ತೇನೆ. ಅದೇ ಹಕ್ಕಿ ಬೆಳ್ಳಗಿನ ಆಕಾಶಕ್ಕೆ ಎದ್ದರೆ ಉಲ್ಟಾ, ಪ್ಲಸ್ ಒಂದು. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುವ ಕಪ್ಪುಬಿಳಿ ಮಿಂಚುಳ್ಳಿಗೆ ಶಟರ್ ವೇಗವನ್ನು ಸೆಕೆಂಡಿನ 1/2500ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಎಲೆ ಮೇಲೆ ನಡೆಯುವ ದೇವನಕ್ಕಿಗೆ 1/800 ಸಾಕು. ಐಎಸ್ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿದರೆ ಏರಲಿ, ಕಾಳು ಕಾಳಾದ ಫೋಟೋವನ್ನು ತಿದ್ದಬಹುದು, ಅಲುಗಿದ್ದನ್ನು ತಿದ್ದಲಾಗುವುದಿಲ್ಲ.

ಮಧ್ಯಾಹ್ನದ ಪಾಳಿ ಇದ್ದರೆ ಮುಂಜಾನೆ ಸ್ಮೃತಿ ಉದ್ಯಾನ. ಗಿಡಗಳ ಸಂದಿಯಿಂದ ಬೀಳುವ ಬಿಸಿಲು ಅರ್ಧ ಹಕ್ಕಿಯನ್ನು ಬೆಳಗಿ ಅರ್ಧವನ್ನು ಕತ್ತಲಲ್ಲಿ ಇಡುತ್ತದೆ, ಹಾಗಾಗಿ ಮೋಡದ ದಿನವೇ ಅಲ್ಲಿ ಮೇಲು. ಬೇಸಿಗೆಯಲ್ಲಿ ಅಲ್ಲಿ ಎಲ್ಲೆಲ್ಲೋ ಅಲೆಯುತ್ತಿದ್ದ ನನ್ನನ್ನು ಕರೆದು ಹಾದಿ ತೋರಿಸಿದ್ದು ಒಬ್ಬ ಮಾಲಿ ಮಾಮಾ.

“ಗಿಡದಾಗ ಏನ್ ಹುಡುಕಾಕತ್ತೀರಿ ಸಾಹೇಬ್ರ? ಆ ಪೈಪ್ ಸೋರತದಲ್ಲ, ಅಲ್ಲಿ ಹೋಗಿ ಸುಮ್ಮ ಕುಂದ್ರರಿ. ಬಿಸಲು ಏರಿತಂದ್ರ ಎಲ್ಲಾ ಅಲ್ಲೇ ಬರ್ತಾವ.”

ಬಂದವು. ಸೂರಕ್ಕಿ, ಪಿಕಳಾರ, ಟುವ್ವಿ, ಒಂದರ ಹಿಂದೆ ಒಂದು ಸ್ನಾನಕ್ಕೆ. ಸೋರುವ ವಾಲ್ವು, ಹನಿ ನೀರಾವರಿಯ ಕಿತ್ತುಹೋದ ನಳಿಕೆ, ಕುಡಿಯುವ ನೀರಿನ ನಲ್ಲಿಯ ಕೆಳಗಿನ ಹೊಂಡ, ಏಪ್ರಿಲ್ ಮೇ ತಿಂಗಳಲ್ಲಿ ಯಾವ ಊರಿನ ಉದ್ಯಾನದಲ್ಲಾದರೂ ಮೊದಲು ಇವನ್ನು ನೋಡಿಕೊಳ್ಳಿ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯುವವರಿದ್ದಾರೆ. ಅದು ತನ್ನ ಸರಹದ್ದಿಗೆ ಇನ್ನೊಬ್ಬ ಬಂದನೆಂದು ತಿಳಿದು, ಮರಿಗೆ ಉಣಿಸುವುದು ಬಿಟ್ಟು ಜಗಳಕ್ಕೆ ಬರುತ್ತದೆ. ಸೋರುವ ಪೈಪ್ ಇರುವಾಗ ಆ ಪಾಪ ಯಾಕೆ?

ಸಿದ್ಧೇಶ್ವರ ಕೆರೆಯ ದಂಡೆಯ ಭುಯಿಕೋಟ ಕೋಟೆಗೆ ಹೋಗುವುದು ಹಾಲಕ್ಕಿ ಎಂಬ ಪುಟ್ಟ ಗೂಬೆಗಾಗಿ. ಹಳೇ ಗೋಡೆಯ ಪೊಟರೆಯಲ್ಲಿ ಕೂತು ಹಗಲೆಲ್ಲ ತೂಕಡಿಸುತ್ತವೆ. ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯ ವಾರ ಆ ಕಡೆ ಕ್ಯಾಮೆರಾ ಒಯ್ಯುವುದಿಲ್ಲ, ಆಗ ಹೋಗುವುದು ಗುಡಿಗೆ.

ಇನ್ನು ಪೂರ್ತಿ ರೆಸ್ಟ್ ಸಿಕ್ಕ ದಿನ. ಕತ್ತಲಿರುವಾಗಲೇ ಬಾರ್ಶಿ ರಸ್ತೆ ಹಿಡಿದರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ ನಾನ್ನಜ. 1979ರಲ್ಲಿ ಮಾಳಢೋಕ ಹಕ್ಕಿಗಾಗಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗಾಗಿ, ಘೋಷಿಸಿದ ಅಭಯಾರಣ್ಯ ಇಲ್ಲಿದೆ. ಸೊಲ್ಲಾಪುರ, ಅಹಮದನಗರ ಎರಡೂ ಜಿಲ್ಲೆ ಸೇರಿ ಮೊದಲು ಸುಮಾರು 8,500 ಚದರ ಕಿಲೋಮೀಟರ್ ಎಂದು ಬರೆದಿದ್ದರು. ಊರು, ಹೊಲ, ರಸ್ತೆ ಎಲ್ಲ ಅದರೊಳಗೇ. ಆಮೇಲೆ ಅದನ್ನು 1,200ರ ಆಸುಪಾಸಿಗೆ ಇಳಿಸಿದರು. ನಿಜವಾದ ಹುಲ್ಲುಗಾವಲು ಅದರಲ್ಲೂ ತುಂಡು ತುಂಡು. ಮಾಳಢೋಕ ಸಿಕ್ಕಿತಾ ಎಂಬುದು ನನ್ನ ಫೋಟೋ ನೋಡಿದವರ ಮೊದಲ ಪ್ರಶ್ನೆ. ಇಲ್ಲ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ, ಅದನ್ನೂ ಬರೀ ನೆಲದ ಮೇಲೆ ಇಡುವ ಹಕ್ಕಿ ಅದು. ಇಡೀ ದೇಶದಲ್ಲಿ ನೂರೈವತ್ತರೊಳಗೆ ಉಳಿದಿದೆ, ಬಹುಪಾಲು ರಾಜಸ್ಥಾನದಲ್ಲಿ. ಅಕಸ್ಮಾತ್ ಕಂಡರೂ ಬೈಕ್ ನಿಲ್ಲಿಸದೆ ಹೋಗಬೇಕು ಎಂದೇ ನನ್ನ ತೀರ್ಮಾನ.

ನಾನು ಹೋಗುವುದು ಕೃಷ್ಣಮೃಗಕ್ಕೆ. ಇದಕ್ಕೆ ಅಭಯಾರಣ್ಯದ ಒಳಗೇ ಹೋಗಬೇಕೆಂದಿಲ್ಲ. ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸುತ್ತಲಿನ ಮಡ್ಡಿ ನೆಲ, ಬೀಳುಬಿಟ್ಟ ಹೊಲಗಳಲ್ಲಿ ರಸ್ತೆಯಿಂದಲೇ ಹಿಂಡು ಕಾಣುತ್ತವೆ. ರೈತರಿಗೆ ಇವು ಅಂದರೆ ತಲೆನೋವು, ಎಳೇ ಜೋಳ, ಕಡಲೆ ಮೇಯ್ದು ಹೋಗುತ್ತವೆ. ಹೊಲದ ಬದುವಿನ ಮೇಲೆ ಕಾಲಿಡುವ ಮೊದಲು ಒಂದು ಮಾತು ಕೇಳುವುದು ರೂಢಿ. ಕೇಳಿದರೆ ಬೇಡ ಎಂದವರು ಕಡಿಮೆ, ಎಳೇ ಜೋಳದ ತೆನೆ ಸುಟ್ಟು ತಿನ್ನುವ ಸೀತನಿ ದಿನಗಳಲ್ಲಂತೂ ಕೂಡಿಸಿ ತಿನ್ನಿಸಿಯೇ ಕಳಿಸುತ್ತಾರೆ. ಆ ಹೊತ್ತಿಗೆ ಬೆಳಕು ಹೋಗಿರುತ್ತದೆ, ಅದು ಬೇರೆ ಮಾತು.

ಹಿಂಡಿನ ಬೆನ್ನು ಹತ್ತಿದರೆ ಸಿಗುವುದು ಬರೀ ಹಿಂಭಾಗದ ಫೋಟೋ. ಗಂಡಿನ ಸರಹದ್ದು ಹುಡುಕಬೇಕು. ಬಲಿತ ಗಂಡು ಒಂದು ಜಾಗ ಹಿಡಿದು ಕಾಯುತ್ತದೆ. ಒಂದೇ ಕಡೆ ದಿನಾಲೂ ಹಿಕ್ಕೆ ಹಾಕಿ ಗುಡ್ಡೆ ಮಾಡಿರುತ್ತದೆ, ಕಣ್ಣಿನ ಕೆಳಗಿನ ಗ್ರಂಥಿಯನ್ನು ಕಡ್ಡಿಗಳಿಗೆ ಒರೆಸಿ ವಾಸನೆ ಬಿಡುತ್ತದೆ. ಆ ಗುಡ್ಡೆ ಕಂಡರೆ, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ಸಾಕಷ್ಟು ದೂರದಲ್ಲಿ ಕುಳಿತುಬಿಡಿ. ಅದು ತಾನಾಗಿ ಅಲ್ಲಿಗೆ ಬರುತ್ತದೆ. ಹೆಣ್ಣುಗಳು ಹತ್ತಿರ ಸುಳಿದರೆ ಮೂತಿ ಮೇಲೆತ್ತಿ, ಕೋಡು ಬೆನ್ನಿಗೆ ತಾಗುವಂತೆ ಹಿಂದಕ್ಕೆ ಚೆಲ್ಲಿ, ಬಾಲ ಮಡಚಿ ಮೆರವಣಿಗೆ ಹೊರಡುತ್ತದೆ. ಮಾರ್ಚ್‌ನಿಂದ ಮೇ, ಮತ್ತೆ ಆಗಸ್ಟ್‌ನಿಂದ ಅಕ್ಟೋಬರ್, ಈ ಎರಡು ಹಂಗಾಮಿನಲ್ಲಿ ಇದು ಹೆಚ್ಚು. ನನಗೆ ಆಗಸ್ಟ್ ಇಷ್ಟ, ಹಸಿರು ಹುಲ್ಲಿನ ಮೇಲೆ ಕಪ್ಪು ಮೈ ಎದ್ದು ಕಾಣುತ್ತದೆ.

ನೆಟ್ಟಗೆ ಅದರ ಕಡೆಗೇ ನಡೆದರೆ ಓಡುತ್ತದೆ. ಕುರಿಗಾರರು ಅಡ್ಡಡ್ಡ ಹೋಗುತ್ತಾರೆ, ಅದರ ಕಡೆ ನೋಡುವುದೂ ಇಲ್ಲ, ಅವರನ್ನು ಕಂಡು ಅದು ಮೇವು ಬಿಡುವುದಿಲ್ಲ. ನಾನೂ ಹಾಗೇ ಓರೆಯಾಗಿ ನಡೆದು, ನಡುನಡುವೆ ಕುಕ್ಕರುಗಾಲಲ್ಲಿ ಕೂತು ಹೋಗುತ್ತೇನೆ. ತಲೆಯೆತ್ತಿ ಒಂದು ಕಾಲು ನೆಲಕ್ಕೆ ಕುಟ್ಟಿತೆಂದರೆ ಅಲ್ಲಿಗೆ ನನ್ನ ಗಡಿ. ಕಪ್ಪು ಮುಖ, ಬಿಳಿ ಹೊಟ್ಟೆ ಒಂದೇ ಚೌಕಟ್ಟಿನಲ್ಲಿ ಇರುವುದರಿಂದ ಬಿಳಿಯನ್ನು ಉಳಿಸಿಕೊಂಡು ಬೆಳಕು ಅಳೆಯುತ್ತೇನೆ, ಕಪ್ಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಸ್ವಲ್ಪ ಎತ್ತಿದರೆ ಸಾಕು. ಆದರೆ ಕಣ್ಣಿನಲ್ಲಿ ಬೆಳಕಿನ ಚುಕ್ಕಿ ಬರಬೇಕಾದರೆ ಸೂರ್ಯ ತಗ್ಗಿನಲ್ಲೇ ಇರಬೇಕು. ಅದಿಲ್ಲದಿದ್ದರೆ ಕಪ್ಪು ಮುಖದೊಳಗೆ ಕಣ್ಣೇ ಇಲ್ಲದಂತೆ ಕಾಣುತ್ತದೆ.

ಬಿಸಿಲು ಏರಿದ ಮೇಲೆ ಇನ್ನೊಂದು ಕಾಟ. ಕಾದ ನೆಲದಿಂದ ಏಳುವ ಗಾಳಿಯ ಸಾಂದ್ರತೆ ಕ್ಷಣಕ್ಷಣಕ್ಕೂ ಬದಲಾಗಿ ಬೆಳಕನ್ನು ಬಾಗಿಸುತ್ತದೆ, ದೂರದ ಜಿಂಕೆ ನೀರಿನೊಳಗೆ ನಿಂತಂತೆ ತೇಲಾಡುತ್ತದೆ. ಎಷ್ಟು ದುಬಾರಿ ಲೆನ್ಸ್ ತಂದರೂ ಇದಕ್ಕೆ ಮದ್ದಿಲ್ಲ. ಉದ್ದ ಲೆನ್ಸಿನಲ್ಲಿ ಇನ್ನೂ ಜಾಸ್ತಿಯೇ ಕಾಣುತ್ತದೆ. ಲೆನ್ಸ್ ಕೆಟ್ಟಿದೆ ಎಂದು ರಿಪೇರಿಗೆ ಒಯ್ದವರನ್ನು ನೋಡಿದ್ದೇನೆ. ಮೇ ತಿಂಗಳಲ್ಲಿ ಬಿಸಿಲಿನ ಪಾರಾ 43-44 ಡಿಗ್ರಿ ಮುಟ್ಟುವ ಊರು ನಮ್ಮದು, ಎಂಟು ಗಂಟೆಗೆ ಚೀಲ ಕಟ್ಟುವುದೇ. ಆಮೇಲೂ ಹಟ ಇದ್ದರೆ ಕಾಲಬುಡದಲ್ಲಿರುವುದನ್ನು ನೋಡಬೇಕು. ಬೇಸಿಗೆಯ ಕೊನೆಗೆ ಮಡ್ಡಿಯ ಕಲ್ಲಿನ ಮೇಲೆ ಗಂಡು ಓತಿಕ್ಯಾತ ಗಂಟಲಿನ ನೀಲಿ ಚೀಲ ಬಿಚ್ಚಿ ಮುಚ್ಚಿ ಮಾಡುತ್ತಿರುತ್ತದೆ. ಎರಡು ಮಾರು ದೂರದ ಜೀವಕ್ಕೆ ಬಿಸಿಗಾಳಿ ಅಷ್ಟು ಅಡ್ಡ ಬರುವುದಿಲ್ಲ.

ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಸೆಳೆವ (ಹ್ಯಾರಿಯರ್) ಎಂಬ ಬೇಟೆ ಹಕ್ಕಿಗಳು ಬರುತ್ತವೆ. ಸಂಜೆ ಹುಲ್ಲಿನ ಮೇಲೆ ತೀರಾ ಕೆಳಗೆ ತೇಲಿ, ನೆಲದ ಮೇಲೇ ಗುಂಪಾಗಿ ರಾತ್ರಿ ಕಳೆಯುತ್ತವೆ. ಆ ಹುಲ್ಲಿನೊಳಗೆ ನಡೆದು ಎಬ್ಬಿಸುವುದು ಸರಿಯಲ್ಲ, ಹಾದಿಯ ಮೇಲೆ ಬೈಕಿನ ಮಗ್ಗುಲಲ್ಲಿ ಕೂತರೆ ತಲೆ ಮೇಲೆಯೇ ಹಾದು ಹೋಗುತ್ತವೆ. ಅಕ್ಕಲಕೋಟ ತಾಲೂಕಿನ ಕುರನೂರ ಡ್ಯಾಮಿನ ಕಡೆ ನೆಂಟರಿದ್ದಾರೆ, ಅಲ್ಲಿ ಪಟ್ಟೆತಲೆಯ ಹೆಬ್ಬಾತು ನೋಡುತ್ತೇನೆ. ಹಿಮಾಲಯದ ಮೇಲೆ 7,000 ಮೀಟರಿಗೂ ಎತ್ತರದಲ್ಲಿ ಹಾರಿದ ದಾಖಲೆ ಇರುವ ಹಕ್ಕಿ ಬೋರಿ ಹೊಳೆಯ ಹಿನ್ನೀರಿನಲ್ಲಿ ಎಮ್ಮೆಗಳ ನಡುವೆ ನಿಂತಿರುತ್ತದೆ. ಉಜನಿ ಹಿನ್ನೀರಿನ ರಾಜಹಂಸಗಳಿಗೆ ಎಲ್ಲರೂ ಹೋಗುತ್ತಾರೆ, ದೋಣಿಯವರೂ ಸಿಗುತ್ತಾರೆ. ಹಾರಿಸಲು ದೋಣಿ ಹತ್ತಿರ ಒಯ್ಯಬೇಡಿ ಎಂದು ಮೊದಲೇ ಹೇಳಿ ಹತ್ತಬೇಕು, ಅಷ್ಟೇ.

ತೋಳದ ಫೋಟೋ ನನ್ನ ಹತ್ತಿರ ಕೆಲವು ಇವೆ. ಎಲ್ಲವೂ ಕುರಿಗಾರರ ಋಣ. ಎಲ್ಲಿ ಬಂದಿತ್ತು, ಯಾವ ಹಳ್ಳದ ಕಡೆ ಹೋಯಿತು ಎಂದು ಅವರಷ್ಟು ಸರಿಯಾಗಿ ಹೇಳುವವರಿಲ್ಲ. ಕುರಿ ಹೋದ ಸಿಟ್ಟು ಇದ್ದರೂ, “ಅದಕ್ಕೂ ಹೊಟ್ಟಿ ಐತಲ್ರೀ” ಅನ್ನುತ್ತಾರೆ. ಚಳಿಗಾಲ ಮರಿಗಳ ಕಾಲ, ಗವಿಯ ಹತ್ತಿರ ಜನ ಸುಳಿದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆ ಹೋಗುತ್ತದೆ. ಆ ತಿಂಗಳುಗಳಲ್ಲಿ ನಾನು ಆ ಹಳ್ಳಗಳಿಗೆ ಇಳಿಯುವುದಿಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಜಾಗದ ಗುರುತು ತಾನಾಗಿ ಸೇರಿಕೊಳ್ಳುತ್ತದೆ, ಯಾರಿಗೂ ಕಳಿಸುವ ಮೊದಲು ಅದನ್ನು ಅಳಿಸುತ್ತೇನೆ. ದೇವನಕ್ಕಿ ಎಲ್ಲಿ ಸಿಕ್ಕಿತು ಎಂದರೆ ಕಂಬರ ತಲಾವಿನ ಯಾವ ದಂಡೆ, ಎಷ್ಟು ಗಂಟೆ, ಎಲ್ಲ ಹೇಳುತ್ತೇನೆ. ತೋಳ ಎಲ್ಲಿ ಎಂದು ಕೇಳಿದವರಿಗೆ ಸೊಲ್ಲಾಪುರ ಜಿಲ್ಲೆ ಅಂದು ಸುಮ್ಮನಾಗುತ್ತೇನೆ. ಜೊತೆಯ ನೌಕರರಿಗೂ ಅದೇ ಉತ್ತರ, ಕೆಲವರು ಮುನಿಸಿಕೊಂಡಿದ್ದಾರೆ.