ಮುಸುಕಿನ ಜೋಳ: ಬೂಷ್ಟು ಹಿಡಿಯದ ಹಾಗೆ ಬೆಳೆಯುವುದು, ಮುರಿಯುವುದು ಹೇಗೆ?

ತಮಿಳುನಾಡಿನ ಗಡಿಯ ನಮ್ಮ ತಾಳವಾಡಿ ಸೀಮೆಯಲ್ಲಿ ಬೀಜ ಯಾವ ಕಂಪನಿಯದು, ಯೂರಿಯಾ ಎಷ್ಟು ಮೂಟೆ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ತೆನೆ ಯಾವತ್ತು ಮುರೀತೀರಿ ಅಂತ ಕೇಳಿದರೆ ಮಾತ್ರ ‘ಆಳು ಸಿಕ್ಕಿದ ದಿನ’ ಅನ್ನುತ್ತಾರೆ. ಕಾಳು ಕೆಡುವುದು ಅಲ್ಲೇ. ಚೆನ್ನಾಗಿ ಬೆಳೆದ ಜೋಳ ಚೀಲಕ್ಕೆ ಹೋಗುವ ಮುಂಚೆ ಬೂಷ್ಟು ಹಿಡಿದು ಅರ್ಧ ಬೆಲೆಗೆ ಹೋಗುವುದನ್ನು ವರ್ಷ ವರ್ಷವೂ ನೋಡುತ್ತೇವೆ.

ಬೂಷ್ಟಿನಲ್ಲಿ ಮುಖ್ಯವಾಗಿ ಎರಡು ಜಾತಿ. ಹಸಿರು-ಹಳದಿ ಪುಡಿಯಂತೆ ಕಾಣುವುದು ಆಸ್ಪರ್ಜಿಲಸ್. ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುವುದು ಇದೇ. ತೆನೆಯಲ್ಲಿ ಕೂದಲು ಬಂದು ಕಾಳು ಕಟ್ಟುವ ಹೊತ್ತಿಗೆ ಬಿಸಿಲು ಸುಟ್ಟು ನೆಲ ಒಣಗಿದರೆ ಇದು ಜಾಸ್ತಿ. ಬಿಳಿ ಅಥವಾ ತಿಳಿಗುಲಾಬಿ ಬಣ್ಣದ್ದು ಫ್ಯುಸೇರಿಯಂ. ಹುಳು ಕೊರೆದ ತೂತಿನಿಂದ ಒಳಗೆ ಹೋಗುತ್ತದೆ, ಕೊಯ್ಲಿನ ಮಳೆಗೆ ಹಬ್ಬುತ್ತದೆ. ‘ಬೇಯಿಸಿದರೆ ಸರಿಹೋಗುತ್ತೆ’ ಅನ್ನುವವರಿಗೆ ಒಂದು ಮಾತು: ಅಫ್ಲಾಟಾಕ್ಸಿನ್ ಅಡುಗೆಯ ಬಿಸಿಗೆ ಹೋಗುವುದಿಲ್ಲ. 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾ ಕಡೆ ಬೂಷ್ಟು ಹಿಡಿದ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು.

ಮೊದಲು ನೆಲಕ್ಕೆ ಹೊದಿಕೆ

ಭರಣಿ ಮಳೆ (ಏಪ್ರಿಲ್ ಕೊನೆ, ಮೇ ಮೊದಲು) ಬಿದ್ದ ಕೂಡಲೇ ಹೊಲವನ್ನು ಖಾಲಿ ಬಿಡದೆ ಅಲಸಂದೆ ಅಥವಾ ಸೆಣಬು ಚೆಲ್ಲಿ. ಸೆಣಬಾದರೆ ಎಕರೆಗೆ 10ರಿಂದ 15 ಕೆಜಿ ಸಾಕು. ಸುಮಾರು 45 ದಿನಕ್ಕೆ, ಹೂ ಕಾಣುತ್ತಿದ್ದಂತೆ ಕತ್ತರಿಸಿ. ಸೆಣಬು ಹೂ ದಾಟಿತು ಅಂದರೆ ನಾರು ಬಲಿಯುತ್ತದೆ, ಬೇಗ ಕೊಳೆಯುವುದಿಲ್ಲ. ನನ್ನ ಓಟು ಅಲಸಂದೆಗೆ. ಬೇಗ ಮಣ್ಣಾಗುತ್ತದೆ, ದನಕ್ಕೂ ಒಂದು ಹೊರೆ ಸಿಗುತ್ತದೆ.

ಪೂರ್ತಿ ರೊಟವೇಟರ್ ಹೊಡೆದು ಪುಡಿ ಮಾಡಬೇಡಿ. ಸಾಲಿನ ಜಾಗ ಮಾತ್ರ ಉತ್ತು, ಉಳಿದದ್ದನ್ನು ಮೇಲೇ ಮಲಗಿಸಿ. ಹೊದಿಕೆ ನೇರವಾಗಿ ಬೂಷ್ಟನ್ನು ಕೊಲ್ಲುವುದಿಲ್ಲ. ಅದು ನೆಲವನ್ನು ತಂಪಾಗಿಟ್ಟು ತೇವ ಹಿಡಿಯುತ್ತದೆ. ಕಾಳು ಕಟ್ಟುವಾಗ ಗಿಡ ಬಾಯಾರದಿದ್ದರೆ ಆಸ್ಪರ್ಜಿಲಸ್‌ಗೆ ಅವಕಾಶ ಕಡಿಮೆ. ಕತ್ತರಿಸಿದ ಮೇಲೆ 10ರಿಂದ 15 ದಿನ ಬಿಟ್ಟೇ ಜೋಳ ಬಿತ್ತಿ. ಹಸಿ ಸೊಪ್ಪಿನ ಮೇಲೆ ಬಿತ್ತಿದರೆ ಮೊಳಕೆ ಕೊಳೆಯುತ್ತದೆ. ಮಳೆ ಕೈಕೊಟ್ಟ ವರ್ಷ 45 ದಿನ ಕಾಯಲೇಬೇಡಿ, 30ಕ್ಕೇ ಕತ್ತರಿಸಿ. ಇಲ್ಲದಿದ್ದರೆ ಜೋಳಕ್ಕೆ ಇರಬೇಕಾದ ನೀರನ್ನು ಅಲಸಂದೆಯೇ ಕುಡಿದು ಮುಗಿಸುತ್ತದೆ.

ಬಿತ್ತನೆ, ಗೊಬ್ಬರ, ಕಳೆ ನಿಮಗೆ ಗೊತ್ತಿರುವುದೇ. ಸೈನಿಕ ಹುಳು 2018ರಿಂದ ನಮ್ಮ ಕಡೆ ಬೀಡುಬಿಟ್ಟಿದೆ. ಸುಳಿ ನೋಡಿದರಷ್ಟೇ ಸಾಲದು, ತೆನೆಯ ತುದಿಯನ್ನೂ ನೋಡುತ್ತಿರಿ.

ಮುರಿಯುವ ದಿನ ಯಾವುದು?

ಆರಿದ್ರಾ ಮಳೆಗೆ (ಜೂನ್ ಕೊನೆ) ಬಿತ್ತಿದ 105-110 ದಿನದ ತಳಿ ಸರಿಯಾಗಿ ಅಕ್ಟೋಬರಿನ ಚಿತ್ತೆ ಮಳೆಯ ಬಾಯಿಗೆ ಬಂದು ನಿಲ್ಲುತ್ತದೆ. ನಮ್ಮ ಕಷ್ಟ ಇರುವುದೇ ಇಲ್ಲಿ.

ಹೆಚ್ಚಿನವರು ಎಲೆ ಒಣಗಲಿ ಅಂತ ಕಾಯುತ್ತಾರೆ. ಈಗಿನ ಎಷ್ಟೋ ಹೈಬ್ರಿಡ್‌ಗಳಲ್ಲಿ ಕಾಳು ಬಲಿತರೂ ಎಲೆ ಹಸಿರಾಗೇ ಇರುತ್ತದೆ. ಇನ್ನು ಕೆಲವರು ಮುಸುಕು ಬೆಳ್ಳಗಾದ ಕೂಡಲೇ ಮುರಿಯುತ್ತಾರೆ. ಆಗ ಒಳಗೆ ಕಾಳು ಇನ್ನೂ ಹಾಲಿರಬಹುದು. ಎಲೆಯನ್ನೂ ನಂಬಬೇಡಿ, ಮುಸುಕನ್ನೂ ನಂಬಬೇಡಿ. ಕಾಳನ್ನೇ ಕೇಳಿ.

ಹೊಲದ ಅಂಚು ಬಿಟ್ಟು, ಐದಾರು ಕಡೆ ಒಂದೊಂದು ತೆನೆ ತೆಗೆಯಿರಿ. ನಡುವಿಗೆ ಮುರಿದು ತುದಿಯ ಕಡೆಯ ತುಂಡು ಕೈಯಲ್ಲಿ ಹಿಡಿಯಿರಿ. ಮುರಿದ ಮೈಯಲ್ಲಿ ಕಾಳಿನ ಬೆನ್ನು ಕಾಣುತ್ತದೆ. ಮೇಲೆ ಗಟ್ಟಿ ಹಳದಿ, ಕೆಳಗೆ ಮಾಸಲು ಬಿಳಿ, ನಡುವೆ ಒಂದು ಗೆರೆ. ಇದು ಹಾಲಿನ ಗೆರೆ. ಉಗುರು ಊರಿದಾಗ ಗೆರೆಯ ಕೆಳಗೆ ಮೆತ್ತಗಿದ್ದರೆ ಇನ್ನೂ ಬಲಿತಿಲ್ಲ. ಗೆರೆ ಇಳಿಯುತ್ತಾ ಇಳಿಯುತ್ತಾ ಬುಡ ತಲುಪಿ ಮಾಯವಾಗಬೇಕು.

ಆಮೇಲೆ ತೆನೆಯ ನಡುಭಾಗದ ಒಂದು ಕಾಳು ಕೀಳಿ. ತುದಿಯ ಕಾಳು ಬೇಡ, ಅದು ಮೊದಲೇ ಕಪ್ಪಾಗಿ ದಾರಿ ತಪ್ಪಿಸುತ್ತದೆ. ದಿಂಡಿಗೆ ಅಂಟಿಕೊಂಡಿದ್ದ ಚೂಪು ತುದಿಯ ಟೋಪಿಯನ್ನು ಉಗುರಿನಿಂದ ಎಬ್ಬಿಸಿ. ಅದರ ಕೆಳಗೆ ಕಡುಗಪ್ಪು ಪದರ ಕಂಡರೆ ಗಿಡದಿಂದ ಕಾಳಿಗೆ ಹೋಗುವ ದಾರಿ ಮುಚ್ಚಿತು ಅಂತ ಅರ್ಥ. ಇನ್ನು ತೂಕ ಒಂದು ಗುಂಜಿಯೂ ಏರುವುದಿಲ್ಲ. ಕಂದು ಬಣ್ಣ ಇದ್ದರೆ ಎರಡು-ಮೂರು ದಿನ ಬಿಟ್ಟು ಮತ್ತೆ ನೋಡಿ.

ಕಪ್ಪು ಪದರ ಬಂದಾಗ ಕಾಳಿನಲ್ಲಿ ಶೇ 30ರಿಂದ 35 ತೇವ ಇರುತ್ತದೆ. ಒಳ್ಳೆ ಬಿಸಿಲಿದ್ದರೆ ಗಿಡದಲ್ಲೇ ದಿನಕ್ಕೆ ಅರ್ಧದಿಂದ ಒಂದು ಅಂಶ ಇಳಿಯುತ್ತದೆ. ಆಕಾಶ ಬಿಳುಪಾಗಿದ್ದರೆ ಹತ್ತು ದಿನ ಬಿಡಿ. ಮೋಡ ಕಟ್ಟಿ ಮಳೆ ಹಿಡಿಯುವ ಲಕ್ಷಣ ಇದ್ದರೆ ಒಂದು ದಿನವೂ ಕಾಯಬೇಡಿ, ಹಸಿಯಾಗೇ ಮುರಿದು ಮನೆಗೆ ತನ್ನಿ. ‘ಗಿಡದಲ್ಲೇ ಒಣಗಲಿ, ಖರ್ಚು ಉಳಿಯುತ್ತೆ’ ಅನ್ನುವುದು ಬೇಸಿಗೆ ಬೆಳೆಗೆ ಸರಿ. ಚಿತ್ತೆ, ಸ್ವಾತಿಯಲ್ಲಿ ಅದು ಬೂಷ್ಟಿಗೆ ಕೊಟ್ಟ ಕರೆಯೋಲೆ. ಮುಸುಕಿನೊಳಗೇ ಕಾಳು ಮೊಳೆತಿರುವುದನ್ನು ನೀವೂ ನೋಡಿರಬೇಕು, ಅಲ್ವಾ? ಕಾಡಂಚಿನವರಿಗೆ ಆನೆ, ಹಂದಿಯ ಭಯವೂ ಇದೆ. ಅಟ್ಟಣೆ ಮೇಲೆ ರಾತ್ರಿ ಕಾದವರಿಗೆ ಬೇಗ ಮುರಿಯಲೇಬೇಕು ಅನ್ನಿಸುವುದು ಸಹಜ. ಮುರಿಯಿರಿ, ತಪ್ಪಿಲ್ಲ. ಆದರೆ ಕಪ್ಪು ಪದರಕ್ಕಿಂತ ಮುಂಚೆ ಬೇಡ.

ಒಣಗಿಸುವುದು

ಹಸಿ ತೆನೆಯನ್ನು ರಾಶಿ ಹಾಕಿದರೆ ಒಂದೇ ರಾತ್ರಿಗೆ ಒಳಗೆ ಬಿಸಿ ಏಳುತ್ತದೆ. ಕೈ ತೂರಿಸಿದರೆ ಗೊತ್ತಾಗುತ್ತದೆ. ಮುಸುಕು ಸುಲಿದು, ಒಂದೇ ಪದರ ಹರಡಿ. ಬೂಷ್ಟು ಹಿಡಿದ ತೆನೆಯನ್ನು ಆಗಲೇ ಆರಿಸಿ ತೆಗೆಯಿರಿ. ಅದನ್ನು ಹಸುವಿಗೆ ಹಾಕುವವರಿದ್ದಾರೆ. ವಿಷ ಹಾಲಿಗೆ ಬರುತ್ತದೆ. ಕೋಳಿಗೂ ಹಾಕಬೇಡಿ. ಗುಂಡಿ ತೋಡಿ ಹೂಳಿ.

ಹಸಿ ತೆನೆಯನ್ನು ಕಾಳು ಬಿಡಿಸುವ ಮಿಷನ್ನಿಗೆ ಕೊಡಬೇಡಿ. ತೇವ ಶೇ 20ರ ಕೆಳಗೆ ಇಳಿಯುವ ತನಕ ತಡೆಯಿರಿ. ಇಲ್ಲದಿದ್ದರೆ ಕಾಳು ಒಡೆಯುತ್ತದೆ, ಒಡೆದ ಕಾಳಿಗೆ ಬೂಷ್ಟು ಬೇಗ ಏರುತ್ತದೆ. ಬಿಡಿಸಿದ ಕಾಳನ್ನು ಎರಡು ಇಂಚಿಗಿಂತ ದಪ್ಪ ಹರಡದೆ ಗಂಟೆಗೊಮ್ಮೆ ಕೈಯಾಡಿಸಿ. ಸಂಜೆ ಇಬ್ಬನಿಗೆ ಮುಂಚೆ ಮುಚ್ಚಿ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ತೆಳು ನೀಲಿ ಟಾರ್ಪಲ್ ಒಂದು ಹಂಗಾಮಿಗೇ ತೂತು ಬೀಳುತ್ತದೆ; ದಪ್ಪದ್ದನ್ನೇ ಕೊಳ್ಳಿ.

ಹಲ್ಲಿನಲ್ಲಿ ಕಚ್ಚಿ ತೇವ ಹೇಳುವ ಹಿರಿಯರಿದ್ದಾರೆ. 14ಕ್ಕೂ 17ಕ್ಕೂ ಇರುವ ವ್ಯತ್ಯಾಸ ಹಲ್ಲಿಗೆ ಸಿಗುವುದಿಲ್ಲ. ಅದಕ್ಕೆ ಒಣಗಿದ ಗಾಜಿನ ಬಾಟಲಿ ತನ್ನಿ. ಮೂರನೇ ಒಂದು ಭಾಗ ಕಾಳು ಹಾಕಿ. ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿಯುಪ್ಪು ಎರಡು ಚಮಚ ಹಾಕಿ, ಮುಚ್ಚಿ ಚೆನ್ನಾಗಿ ಕುಲುಕಿ. ಹದಿನೈದು ನಿಮಿಷ ಇಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15ಕ್ಕಿಂತ ಮೇಲಿದೆ. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ಕೊಡಿ. ಮನೆಯಲ್ಲಿ ಇಡುವುದಾದರೆ 12-13 ಬೇಕು, ಸರ್ಕಾರಿ ಖರೀದಿಗೆ 14ರ ಮೇಲೆ ಇರಬಾರದು.

ಒಣಗಿಸಿದರೆ ತೂಕ ಹೋಗುತ್ತೆ ಅನ್ನುವ ಗೊಣಗಾಟ ಇದ್ದದ್ದೇ. ಲೆಕ್ಕ ಇಷ್ಟು: ಶೇ 20 ತೇವದ 100 ಕೆಜಿ, 14ಕ್ಕೆ ಬಂದರೆ 93 ಕೆಜಿ. ಆ 7 ಕೆಜಿ ಬರೀ ನೀರು. ನಾಮಕ್ಕಲ್ ಕಡೆಯ ಕೋಳಿ ಆಹಾರಕ್ಕೆ ಕೊಳ್ಳುವವರು ನೀರಿಗೆ ದುಡ್ಡು ಕೊಡುವುದಿಲ್ಲ. ಹಸಿ ಕಾಳು ಲಾರಿಗೆ ತುಂಬಿ, ನಮ್ಮ ಸೀಮೆಯಿಂದ ಬಯಲಿಗೆ ಹೋಗುವ ದಾರಿಯ ದಿಂಬಂ ಘಾಟಿ ಇಳಿಯಲು ರಾತ್ರಿಯೆಲ್ಲ ಕಾಯಬೇಕಾಗಿ ಬಂದರಂತೂ ಟಾರ್ಪಲ್ ಕೆಳಗೆ ಚೀಲವೇ ಬೆವರುತ್ತದೆ.

ಕಾಳು ತುಂಬಲು ಗೊಬ್ಬರದ ಹಳೇ ಚೀಲ ಬೇಡವೇ ಬೇಡ. ಕಾಳಿನ ಹುಳು ಸಾಯಿಸಲು ಇಡುವ ವಿಷದ ಮಾತ್ರೆಯನ್ನು ಮಲಗುವ ಮನೆಯಲ್ಲಿ ಇಡಬೇಡಿ. ಅದರ ಗಾಳಿ ಜೀವ ತೆಗೆಯುತ್ತದೆ, ಬೂಷ್ಟಿಗಂತೂ ಏನೂ ಮಾಡುವುದಿಲ್ಲ. ಚೀಲವನ್ನು ಹಲಗೆ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ.

ಕೊನೆಗೆ ಹೊಲ. ಅದೇ ಹೊಲಕ್ಕೆ ಮತ್ತೆ ಜೋಳ ಹಾಕುವುದಾದರೆ ಹಳೇ ದಂಟು, ದಿಂಡು ಅಲ್ಲೇ ಬಿಡಬೇಡಿ. ಫ್ಯುಸೇರಿಯಂ ಉಳಿದುಕೊಳ್ಳುವುದು ಅದರಲ್ಲೇ. ದನಕ್ಕೆ ಸಾಗಿಸಿ, ಉಳಿದದ್ದನ್ನು ತಿಪ್ಪೆಗೆ ಹಾಕಿ. ನೆಲದಲ್ಲಿ ಹಸಿ ಇರುವಾಗಲೇ ಮತ್ತೆ ಹೊದಿಕೆಗೆ ಅಂತ ಎಕರೆಗೆ 8ರಿಂದ 10 ಕೆಜಿ ಹುರುಳಿ ಚೆಲ್ಲಿ ಕುಂಟೆ ಹೊಡೆಯಿರಿ.