ಎಕ್ಸ್‌ಎಸ್‌ಎಲ್‌ಟಿ: ಒಳಗಿನ ಪಠ್ಯ ನೋಡಿ ಎಲಿಮೆಂಟ್ ಹಿಡಿಯುವುದು

ಕಾಸರಗೋಡು ಕಡೆಯ ಗ್ರಂಥಾಲಯಗಳ ಪುಸ್ತಕಪಟ್ಟಿ ಸರಿಮಾಡುವವರಿಗೆ: ಎಕ್ಸ್‌ಎಂಎಲ್ ಫೈಲಿನಲ್ಲಿ ಮಲಯಾಳಂ ಧಾಟಿಯ 'ಮಂಜೇಶ್ವರಂ' ಇದ್ದಲ್ಲಿ ಮಾತ್ರ 'ಮಂಜೇಶ್ವರ' ಆಗಬೇಕಾದರೆ ಎಕ್ಸ್‌ಎಸ್‌ಎಲ್‌ಟಿಯಲ್ಲಿ (ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ) ಚೂಸ್, ವೆನ್ ಎಂಬ ಷರತ್ತುಗಳನ್ನು ಪೇರಿಸುತ್ತಾ ಕೂರಬೇಡಿ. ಟೆಂಪ್ಲೇಟಿನ (ಹಿಡಿದ ಎಲಿಮೆಂಟಿಗೆ ಏನು ಮಾಡಬೇಕೆಂಬ ನಿಯಮ) ಮ್ಯಾಚ್‌ನಲ್ಲೇ ಊರು[. = 'ಮಂಜೇಶ್ವರಂ'] ಎಂದು ಬರೆಯಿರಿ (ಚುಕ್ಕಿ ಎಂದರೆ ಆ ಎಲಿಮೆಂಟಿನ ಒಳಗಿನ ಪಠ್ಯ; ಟ್ಯಾಗಿನ ಹೆಸರು ಕನ್ನಡದಲ್ಲಿದ್ದರೂ ನಡೆಯುತ್ತದೆ), ಉಳಿದದ್ದನ್ನು ಇದ್ದ ಹಾಗೇ ನಕಲಿಸಲು ಐಡೆಂಟಿಟಿ ಟೆಂಪ್ಲೇಟ್ ಒಂದು ಇರಲಿ. ಚೌಕ ಆವರಣದ ಷರತ್ತಿರುವ ಮ್ಯಾಚ್‌ಗೆ ಆದ್ಯತೆ 0.5, ಬರೀ ಹೆಸರಿಗೆ 0, ಐಡೆಂಟಿಟಿಗೆ -0.5; ಹೆಚ್ಚು ಆದ್ಯತೆಯದ್ದೇ ಗೆಲ್ಲುತ್ತದೆ, ಹಾಗಾಗಿ ಯಾವುದನ್ನು ಮೊದಲು ಬರೆದಿರಿ ಎಂಬುದು ಲೆಕ್ಕಕ್ಕಿಲ್ಲ. ಕೈಕೊಡುವುದು ಎಲ್ಲಿ ಅಂದರೆ, ಪಠ್ಯದ ಆಚೀಚೆ ಸ್ಪೇಸ್ ಅಥವಾ ಹೊಸ ಸಾಲು ಇದ್ದಾಗ. ಚುಕ್ಕಿಯ ಬದಲು ನಾರ್ಮಲೈಜ್-ಸ್ಪೇಸ್ ಹಾಕಿದರೆ ಅದು ಮುಗಿಯಿತು, ಆದರೆ ನಾನ್-ಬ್ರೇಕಿಂಗ್ ಸ್ಪೇಸ್ (ಸಾಲು ಮುರಿಯಲು ಬಿಡದ ಸ್ಪೇಸ್) ಅದಕ್ಕೂ ಜಗ್ಗುವುದಿಲ್ಲ. ನಿಜವಾದ ಕಿರಿಕಿರಿ ಕನ್ನಡದ್ದೇ: 'ಜೇ'ಯ ದೀರ್ಘ ಏತ್ವ ಒಂದೇ ಕೋಡ್ ಆಗಿಯೂ ಇರಬಹುದು, ಏತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಇರಬಹುದು. ತೆರೆಯ ಮೇಲೆ ಎರಡೂ ಒಂದೇ, ಹೋಲಿಕೆಗೆ ಬೇರೆ ಬೇರೆ. ಎಕ್ಸ್‌ಎಸ್‌ಎಲ್‌ಟಿ 2.0ರಲ್ಲಿ ಇವನ್ನು ಒಂದು ಮಾಡಲು ನಾರ್ಮಲೈಜ್-ಯೂನಿಕೋಡ್ ಫಂಕ್ಷನ್ ಇದೆ, 1.0 ಆದರೆ ಫೈಲನ್ನೇ ಮೊದಲು ಎರಡನ್ನೂ ಒಂದೇ ಕೋಡ್ ಮಾಡುವ ಯೂನಿಕೋಡ್ ರೂಪವಾದ ಎನ್‌ಎಫ್‌ಸಿಗೆ ತನ್ನಿ. 'ಕಾಸರ್‌ಕೋಡ್' ಥರದ ಬರಹದ ನಡುವೆ ಕಾಣದೆ ಕೂತು ಒತ್ತಕ್ಷರ ಆಗದಂತೆ ತಡೆಯುವ ಝೀರೋ-ವಿಡ್ತ್ ನಾನ್‌ಜಾಯ್ನರ್ ಮಾತ್ರ ಇವೆರಡಕ್ಕೂ ಹೋಗದು, ಟ್ರಾನ್ಸ್‌ಲೇಟ್ ಫಂಕ್ಷನ್ನಿನಿಂದಲೇ ಅಳಿಸಬೇಕು. ಇನ್ನು ಹೆಸರನ್ನು ವೇರಿಯಬಲ್‌ನಲ್ಲಿಟ್ಟು ಮ್ಯಾಚ್‌ಗೆ ಕೊಡುವುದು 1.0ರಲ್ಲಿ ತಪ್ಪು, 2.0ರಿಂದ ಸರಿ.