ಮನೇಲಿ ಇಲಿ ಸೇರ್ಕೊಂಡಿದ್ಯಾ? ಸಾಯಿಸದೆ ಓಡಿಸೋದು ಹೀಗೆ

ರಾತ್ರಿ ಲೈಟ್ ಆಫ್ ಆದ್ಮೇಲೆ ಅಡುಗೆಮನೆ ಕಡೆಯಿಂದ ಕರಕರ ಸದ್ದು ಬಂತು ಅಂದ್ರೆ ಬೆಳಗ್ಗೆ ಎದ್ದು ಹೆಚ್ಚಿನವ್ರು ಮಾಡೋ ಮೊದಲ ಕೆಲಸ ಇಲಿ ಪಾಷಾಣನೋ ಅಂಟಿನ ಹಲಗೆನೋ ತರೋದು. ಸ್ವಲ್ಪ ತಡೀರಿ. ಎರಡೂ ಬೇಡ ಅನ್ನೋದಕ್ಕೆ ಪಾಪ-ಪುಣ್ಯದ ಲೆಕ್ಕ ಒಂದೇ ಕಾರಣ ಅಲ್ಲ, ಒಳಗೆ ಬರೋ ದಾರಿ ತೆರೆದೇ ಇದ್ರೆ ಇವತ್ತು ಒಂದನ್ನ ಸಾಯಿಸಿದ್ರೂ ಇನ್ನೊಂದು ಬಂದೇ ಬರುತ್ತೆ. ಹೆಣ್ಣಿಲಿ ಬಸುರಿ ಇರೋದು ಬರೀ ಮೂರು ವಾರ, ಒಂದು ಸಲಕ್ಕೆ ಐದಾರು ಮರಿ, ಆ ಮರಿಗಳು ಆರೇಳು ವಾರಕ್ಕೆಲ್ಲ ಮರಿ ಹಾಕೋಕೆ ರೆಡಿ. ಈ ಸ್ಪೀಡಿಗೆ ಪಾಷಾಣ ಇಟ್ಟು ಗೆಲ್ಲೋಕಾಗಲ್ಲ.

ಪಾಷಾಣ ಅಂತ ಸಿಗೋದ್ರಲ್ಲಿ ಹೆಚ್ಚಿನವು ರಕ್ತ ಹೆಪ್ಪುಗಟ್ಟೋದನ್ನ ತಡೆಯೋ ಔಷಧಿಗಳು. ತಿಂದ ಇಲಿ ತಕ್ಷಣ ಸಾಯಲ್ಲ, ಒಳಗೊಳಗೇ ರಕ್ತ ಸೋರಿ ಸಾಯೋಕೆ ಕೆಲವು ದಿನ ಬೇಕು, ಅಷ್ಟರಲ್ಲಿ ಅದನ್ನ ಬೆಕ್ಕೋ ಗೂಬೆನೋ ತಿಂದ್ರೆ ಅವಕ್ಕೂ ವಿಷ, ಇಲ್ಲಾಂದ್ರೆ ಕೈಗೆ ಸಿಗದ ಸಂದೀಲಿ ಸತ್ತು ಮನೆಯೆಲ್ಲ ನಾತ. ಅಂಟಿನ ಹಲಗೆ ಇನ್ನೂ ಕೆಟ್ಟದ್ದು, ಗಂಟೆಗಟ್ಟಲೆ ಒದ್ದಾಡಿ ಚರ್ಮ ಕಿತ್ತುಕೊಂಡು ಸಾಯುತ್ತೆ. ಇಂಗ್ಲೆಂಡ್‌ನಲ್ಲಿ 2024ರ ಜುಲೈ 31ರಿಂದ ಲೈಸೆನ್ಸ್ ಇಲ್ಲದೆ ಇದನ್ನ ಇಟ್ಟು ಇಲಿ ಹಿಡಿಯೋದೇ ಅಪರಾಧ. ಈಗಾಗ್ಲೇ ಒಂದು ಅಂಟಿಕೊಂಡು ಒದ್ದಾಡ್ತಿದ್ರೆ ಗ್ಲೌಸ್ ಹಾಕ್ಕೊಂಡು, ಮೇಲೆ ಬಟ್ಟೆ ಮುಚ್ಚಿ, ಅಂಟಿರೋ ಜಾಗಕ್ಕೆ ಅಡುಗೆ ಎಣ್ಣೆ ಸ್ವಲ್ಪ ಸ್ವಲ್ಪವೇ ಬಿಟ್ಟು ನಿಧಾನಕ್ಕೆ ಬಿಡಿಸಿ, ಎಳೀಬೇಡಿ.

ಸರಿ, ಕೆಲಸಕ್ಕೆ ಬರೋಣ.

ಮೊದಲು ಬಂದಿರೋದು ಯಾರು, ಎಲ್ಲಿಂದ ಅಂತ ಗೊತ್ತಾಗ್ಬೇಕು. ಹಿಕ್ಕೆ ನೋಡಿ. ಅಕ್ಕಿಕಾಳಿಗಿಂತ ಚಿಕ್ಕದು, ತುದಿ ಚೂಪು, 3ರಿಂದ 6 ಮಿಲಿಮೀಟರ್ ಇದ್ರೆ ಚಿಕ್ಕ ಮನೆ ಇಲಿ. ಒಂದೂವರೆ ಸೆಂಟಿಮೀಟರ್ ಹತ್ರ ಇದ್ರೆ ದೊಡ್ಡ ಇಲಿ, ಅದರ ಕಥೆನೇ ಬೇರೆ, ಇಲ್ಲಿ ಹೇಳ್ತಿರೋದೆಲ್ಲ ಚಿಕ್ಕ ಇಲಿಗೆ. ಆಮೇಲೆ ರಾತ್ರಿ ಮಲಗೋ ಮುಂಚೆ ಗೋಡೆ ಬುಡದಲ್ಲಿ, ಸಿಂಕ್ ಕೆಳಗೆ, ಫ್ರಿಜ್ ಹಿಂದೆ ತೆಳ್ಳಗೆ ಹಿಟ್ಟು ಉದುರಿಸಿ. ಇಲಿ ನಡುಮಧ್ಯ ಓಡಾಡಲ್ಲ, ಗೋಡೆಗೆ ಮೀಸೆ ತಾಗಿಸ್ಕೊಂಡೇ ಹೋಗೋದು, ಹಾಗಾಗಿ ಬೆಳಗ್ಗೆ ಟಾರ್ಚನ್ನ ನೆಲಕ್ಕೆ ಓರೆಯಾಗಿ ಹಿಡಿದ್ರೆ ಪುಟ್ಟ ಪುಟ್ಟ ಹೆಜ್ಜೆ, ಮುಂದಿನ ಕಾಲಿಗೆ ನಾಲ್ಕು ಬೆರಳು ಹಿಂದಿನದಕ್ಕೆ ಐದು, ಕೆಲವು ಸಲ ಮಧ್ಯದಲ್ಲಿ ಬಾಲ ಎಳೆದ ಗೀಟು ಕೂಡ, ಎಲ್ಲ ಕಾಣುತ್ತೆ. ಆ ಹೆಜ್ಜೆ ಹಿಡ್ಕೊಂಡು ಹೋದ್ರೆ ತೂತು ಸಿಗುತ್ತೆ.

ತೂತು ಅಂದ್ರೆ ದೊಡ್ಡದಾಗಿ ಇರ್ಬೇಕು ಅಂತೇನಿಲ್ಲ. ಆರು ಮಿಲಿಮೀಟರ್ ಸಂದಿ ಸಾಕು ಇದಕ್ಕೆ, ಪೆನ್ಸಿಲ್ ತೂರಿದ ಕಡೆ ಇಲಿನೂ ತೂರುತ್ತೆ ಅಂತ್ಲೇ ಇಟ್ಕೊಳ್ಳಿ. ಸಿಂಕ್ ಪೈಪು, ಗ್ಯಾಸ್ ಪೈಪು, ಎಸಿ ಪೈಪು ಗೋಡೆ ದಾಟೋ ಜಾಗ, ಬಾಗಿಲ ಕೆಳಗಿನ ಸಂದಿ, ಕಿಟಕಿ ಚೌಕಟ್ಟಿನ ಮೂಲೆ, ಹೆಚ್ಚಾಗಿ ಇವೇ. ಪಾತ್ರೆ ತಿಕ್ಕೋ ಸ್ಟೀಲ್ ನಾರನ್ನ ಬಿಗಿಯಾಗಿ ತುರುಕಿ ಮೇಲೆ ಸಿಮೆಂಟೋ ಸೀಲೆಂಟೋ ಹಚ್ಚಿ. ಬರೀ ಫೋಮ್, ಬಟ್ಟೆ, ರಟ್ಟು ತುರುಕಿದ್ರೆ ಒಂದೇ ರಾತ್ರಿಗೆ ಕಡಿದು ಹಾಕಬಹುದು, ಮುಂದಿನ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತಲ್ಲ. ಆದ್ರೆ ಎಲ್ಲವನ್ನೂ ಒಂದೇ ದಿನ ಮುಚ್ಚಬೇಡಿ! ಜಾಸ್ತಿ ಓಡಾಟ ಇರೋ ಒಂದು ತೂತು ಬಿಟ್ಟು ಬೇರೆಲ್ಲ ಮುಚ್ಚಿ, ಇಲ್ಲಾಂದ್ರೆ ಒಳಗಿರೋದು ಒಳಗೇ ಸಿಕ್ಕಿಹಾಕ್ಕೊಂಡು ಸಾಯುತ್ತೆ.

ಅದ್ರ ಜೊತೆಗೇ ಊಟ ಬಂದ್ ಮಾಡಿ. ಇದರ ಹೊಟ್ಟೆಗೆ ದಿನಕ್ಕೆ ಮೂರು ಗ್ರಾಂ ಸಾಕು, ನೀರಂತೂ ತಿನ್ನೋದ್ರಲ್ಲೇ ಅದಕ್ಕೆ ಹೆಚ್ಚುಕಮ್ಮಿ ಸಿಕ್ಕಿಬಿಡುತ್ತೆ, ಅಂದ್ರೆ ಒಲೆ ಕೆಳಗೆ ಬಿದ್ದ ಚೂರುಗಳಲ್ಲೇ ಒಂದು ಸಂಸಾರ ನಡೆಯುತ್ತೆ. ಕಾಳು, ಹಿಟ್ಟು, ಬಿಸ್ಕೆಟ್ ಎಲ್ಲ ಸ್ಟೀಲ್ ಡಬ್ಬಿ ಅಥವಾ ಗಾಜಿನ ಬಾಟಲಿಗೆ. ನಾಯಿ-ಬೆಕ್ಕಿನ ಊಟದ ತಟ್ಟೆ ರಾತ್ರಿ ನೆಲದ ಮೇಲೆ ಬಿಡಬೇಡಿ, ಇದನ್ನ ಸುಮಾರು ಜನ ಮರೀತಾರೆ.

ಈಗ ಬೋನು. ಜೀವಂತ ಹಿಡಿಯೋ ಬೋನು ಒಂದಕ್ಕಿಂತ ಎರಡು ಮೂರು ಇದ್ರೆ ಒಳ್ಳೇದು. ಗೋಡೆಗೆ ತಾಗಿಸಿ, ಹಿಕ್ಕೆ ಕಂಡ ಕಡೇನೇ ಇಡಿ, ಯಾಕಂದ್ರೆ ಮನೆ ಇಲಿ ಸಾಮಾನ್ಯವಾಗಿ ಗೂಡಿಂದ ಕೆಲವೇ ಮೀಟರ್ ದೂರದಲ್ಲೇ ಸುತ್ತೋದು. ಚೀಸ್ ಎಲ್ಲ ಕಾರ್ಟೂನಲ್ಲಿ, ಬಟಾಣಿ ಕಾಳಿನಷ್ಟು ಪೀನಟ್ ಬಟರ್ ಸಾಕು, ಅಂಟಿಕೊಂಡಿರೋದ್ರಿಂದ ಎತ್ಕೊಂಡು ಓಡೋಕಾಗಲ್ಲ. ಒಳಗೆ ಒಂದಿಷ್ಟು ಟಿಶ್ಯೂ ಪೇಪರ್ ಚೂರು ಹಾಕಿ, ಇಪ್ಪತ್ತು ಗ್ರಾಂ ಮೈಯಿನ ಪ್ರಾಣಿ, ಚಳಿಗೆ ಬೇಗ ಸೋಲುತ್ತೆ. ಬೆಳಗ್ಗೆ ಒಂದ್ಸಲ ಸಂಜೆ ಒಂದ್ಸಲ ನೋಡಲೇಬೇಕು. ಬೋನು ಇಟ್ಟು ಊರಿಗೆ ಹೋಗ್ಬಿಟ್ರೆ ಅದೂ ಪಾಷಾಣದಷ್ಟೇ ಕ್ರೂರ.

ಬಿಡೋದು ಎಲ್ಲಿ? ಇಲ್ಲಿ ಎಲ್ರೂ ದೂರ, ಇನ್ನೂ ದೂರ ಅಂತಾರೆ, ಕಾರಲ್ಲಿ ಹೋಗಿ ಯಾವುದೋ ಬಯಲಲ್ಲಿ ಬಿಟ್ಟು ಬಂದ್ರೆ ಗೂಡಿಲ್ಲ, ಊಟದ ಜಾಗ ಗೊತ್ತಿಲ್ಲ, ಹೆಚ್ಚಿನವು ಬದುಕಲ್ಲ. ನನ್ನ ಕೇಳಿದ್ರೆ ಮನೆ ಹತ್ರಾನೇ ಪೊದೆ, ಕಟ್ಟಿಗೆ ರಾಶಿ ಇರೋ ಕಡೆ, ಕತ್ತಲಾಗೋ ಹೊತ್ತಿಗೆ ಬಿಡೋದು ವಾಸಿ, ಪಕ್ಕದ ಮನೆ ಗೇಟಲ್ಲಿ ಮಾತ್ರ ಬೇಡ. ವಾಪಸ್ ಬರಲ್ವಾ ಅಂದ್ರೆ, ಬರೋಕೆ ಟ್ರೈ ಮಾಡುತ್ತೆ, ಅದಕ್ಕೇ ತೂತು ಮುಚ್ಚೋ ಕೆಲಸ ಮೊದಲು ಹೇಳಿದ್ದು. ಹೊಟ್ಟೆ ಮೇಲೆ ಮೊಲೆ ಎದ್ದು ಕಾಣೋ ಹೆಣ್ಣಿಲಿ ಸಿಕ್ರೆ ಎಲ್ಲೋ ಮರಿಗಳಿವೆ ಅಂತ ಅರ್ಥ, ಅವು ಮೂರು ವಾರ ಹಾಲು ಕುಡೀತವೆ. ಅದನ್ನ ಆ ಬಿಟ್ಟಿರೋ ತೂತಿನ ಹತ್ರಾನೇ ಬಿಟ್ಟು ಮೂರು ವಾರ ಸುಮ್ನಿರಿ, ಆಮೇಲೆ ಬೋನು ಮತ್ತೆ ಇಡಿ.

ಅಲ್ಟ್ರಾಸೌಂಡ್ ಪ್ಲಗ್ಗು, ಪುದೀನ ಎಣ್ಣೆ ಇವಕ್ಕೆ ದುಡ್ಡು ಸುರೀಬೇಡಿ, ಕೆಲವೇ ದಿನಕ್ಕೆ ಒಗ್ಗಿಕೊಂಡುಬಿಡ್ತವೆ. ನುಸಿಗುಳಿಗೆ ಮಕ್ಕಳಿರೋ ಮನೇಲಿ ಬೇಡವೇ ಬೇಡ.

ಹಿಕ್ಕೆನ ಒಣಗಿದ್ದಾಗ ಗುಡಿಸ್ಬೇಡಿ, ವ್ಯಾಕ್ಯೂಮ್ ಕೂಡ ಬೇಡ, ಆ ಧೂಳು ಉಸಿರಲ್ಲಿ ಹೋದ್ರೆ ಹ್ಯಾಂಟಾವೈರಸ್‌ನಂಥ ಕಾಯಿಲೆ ಬರಬಹುದು. ಕಿಟಕಿ ತೆಗೆದು ಅರ್ಧ ಗಂಟೆ ಬಿಡಿ, ಗ್ಲೌಸ್ ಹಾಕಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಚೆನ್ನಾಗಿ ನೆನೆಯೋ ಹಾಗೆ ಸಿಂಪಡಿಸಿ, ಐದು ನಿಮಿಷ ಆದ್ಮೇಲೆ ಪೇಪರಲ್ಲಿ ಒರೆಸಿ ಕವರಿಗೆ ಕಟ್ಟಿ ಬಿಸಾಕಿ. ಬೋನನ್ನೂ ಹಾಗೇ ತೊಳೀರಿ.

ಕೊನೇದು ಆ ಬಿಟ್ಟಿರೋ ತೂತು. ಅದಕ್ಕೆ ಪೇಪರ್ ಉಂಡೆ ಸಡಿಲವಾಗಿ ತುರುಕಿ, ಮುಂದೆ ಮತ್ತೆ ಹಿಟ್ಟು ಉದುರಿಸಿ ನೋಡ್ತಿರಿ. ನಾಲ್ಕೈದು ರಾತ್ರಿ ಪೇಪರ್ ಅಲ್ಲಾಡಿಲ್ಲ, ಹೆಜ್ಜೆ ಬಿದ್ದಿಲ್ಲ ಅಂದ್ರೆ ಸ್ಟೀಲ್ ನಾರು, ಸಿಮೆಂಟು ಹಾಕಿ ಅದನ್ನೂ ಮುಚ್ಚಿಬಿಡಿ. ಪೇಪರ್ ಹೊರಗೆ ಬಿದ್ದಿದ್ರೆ ಇನ್ನೂ ಯಾರೋ ಒಳಗಿದ್ದಾರೆ, ಬೋನು ಎತ್ತಿಡಬೇಡಿ.